ಬಾಡಿಗೆ ಹಣದಲ್ಲಿ ಬೆಳೆದ ವಿಜ್ಞಾನ
ಭಾರತೀಯ ವಿಜ್ಞಾನ ಸಂಸ್ಥೆ, ಬೆಂಗಳೂರು

ದೇಶದ ಯುವಕರು ಉನ್ನತ ಸಂಶೋಧನೆಗೆ ಕಡಲು ದಾಟಬೇಕಾಗಿದ್ದ ಕಾಲವದು. ಇಲ್ಲಿಯೇ ಅಂಥದೊಂದು ಸಂಸ್ಥೆ ಬೇಕೆಂದು ಜಮ್‌ಶೇಟ್‌ಜಿ ಟಾಟಾ 1898ರಲ್ಲಿ ಸುಮಾರು 30 ಲಕ್ಷ ರೂಪಾಯಿ ಮೌಲ್ಯದ ಆಸ್ತಿಯನ್ನು ಮುಡಿಪಿಟ್ಟರು. ಅದು ಒಂದೇ ಸಲಕ್ಕೆ ಖರ್ಚಾಗಿ ಹೋಗುವ ನಗದಲ್ಲ, ಮುಂಬಯಿಯ ಕಟ್ಟಡಗಳು ಮತ್ತು ನಿವೇಶನಗಳು. ಮೂಲಧನವನ್ನು ಮುಟ್ಟದೆ, ಅದರಿಂದ ಬರುವ ಬಾಡಿಗೆ ವರುಷ ವರುಷವೂ ಪ್ರಯೋಗಾಲಯಗಳನ್ನು ನಡೆಸಬೇಕೆಂಬುದು ಯೋಜನೆ. ಎಷ್ಟು ದೂರದ ಆಲೋಚನೆ!

ಆದರೆ ದಾನವೊಂದೇ ಸಾಲಲಿಲ್ಲ. ಬ್ರಿಟಿಷ್ ಸರ್ಕಾರದ ಒಪ್ಪಿಗೆಗೆ ದಶಕವೇ ಹಿಡಿಯಿತು. ಸ್ಥಳ ಹುಡುಕಲು ಬಂದ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಬೆಂಗಳೂರನ್ನು ಸೂಚಿಸಿದರು. ಮೈಸೂರು ಸಂಸ್ಥಾನ ಧಾರಾಳವಾಗಿ ಮುಂದೆ ಬಂದು, 1907ರಲ್ಲಿ 371 ಎಕರೆ ಜಮೀನು ಕೊಟ್ಟಿತು. ಕಟ್ಟಡ ಕಟ್ಟಲು 5 ಲಕ್ಷ ರೂಪಾಯಿಯನ್ನೂ, ಪ್ರತಿವರ್ಷ 50,000 ರೂಪಾಯಿಯನ್ನೂ ನೀಡಲು ಒಪ್ಪಿತು. ಭಾರತ ಸರ್ಕಾರವೂ ವಾರ್ಷಿಕ ಅನುದಾನದ ಹೊಣೆ ಹೊತ್ತಿತು. ಹೀಗೆ ಖಾಸಗಿ ದಾನಿ, ಅರಸು ಮನೆತನ, ಸರ್ಕಾರ ಮೂವರೂ ಹೆಗಲು ಕೊಟ್ಟ ಸಂಸ್ಥೆ ಆ ಕಾಲಕ್ಕೆ ಅಪರೂಪದ್ದು.

ಸಂಸ್ಥೆಗೆ ಕಾನೂನಿನ ರೂಪ ಬಂದದ್ದು 1909ರ ಮೇ 27ರಂದು. ಮೊದಲ ನಿರ್ದೇಶಕರು ಮಾರಿಸ್ ಟ್ರಾವರ್ಸ್. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು. ಅದೇ ವರ್ಷ ರಸಾಯನ ವಿಜ್ಞಾನ, ವಿದ್ಯುತ್ ತಂತ್ರಜ್ಞಾನ ವಿಭಾಗಗಳಿಗೆ ಮೊದಲ ವಿದ್ಯಾರ್ಥಿಗಳು ಬಂದರು. 1904ರಲ್ಲೇ ತೀರಿಕೊಂಡ ಜಮ್‌ಶೇಟ್‌ಜಿ ಇದಾವುದನ್ನೂ ನೋಡಲಿಲ್ಲ. ತಮ್ಮ ಹೆಸರು ಇದಕ್ಕೆ ಬೇಡವೆಂದಿದ್ದರು ಅವರು. ಬೆಂಗಳೂರಿನ ಜನ ಮಾತ್ರ ಇದನ್ನು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ.