ಹೊಲ ಸಿಕ್ಕಿತು, ದೋಣಿ ನಿಂತಿತು

ಅಮೆರಿಕದ ದಕ್ಷಿಣ ಭಾಗದಲ್ಲಿರುವ ಅಲಬಾಮಾ ರಾಜ್ಯದ ವಿಲ್ಕಾಕ್ಸ್ ಕೌಂಟಿಯಲ್ಲಿ 1900ರಲ್ಲಿ ಸುಮಾರು 35 ಸಾವಿರ ಜನರಿದ್ದರು. 2020ರ ಜನಗಣತಿಯ ಹೊತ್ತಿಗೆ ಉಳಿದವರು 10,600 ಮಂದಿ. ಕೌಂಟಿ ಎಂದರೆ ರಾಜ್ಯದೊಳಗೆ ನಮ್ಮ ಜಿಲ್ಲೆಯಂಥ ಒಂದು ಆಡಳಿತ ಘಟಕ. ಜನಸಂಖ್ಯೆಯಲ್ಲಿ ಮಾತ್ರ ಇದು ನಮ್ಮ ಒಂದು ಹೋಬಳಿಗೂ ಸಾಲದು. ಅಷ್ಟೊಂದು ಜನ ಊರು ಬಿಟ್ಟದ್ದರಲ್ಲಿ ಆಶ್ಚರ್ಯವೇನಿಲ್ಲ. ಕೆಲವರು ಬಿಡದೆ ಉಳಿದದ್ದು ಹೇಗೆ ಎಂಬುದೇ ಕುತೂಹಲದ ಸಂಗತಿ. ಅದನ್ನು ತಿಳಿಯಲು ಅಲಬಾಮಾ ನದಿ ಮೂರು ಕಡೆ ಬಳಸಿ ಹರಿಯುವ ಗೀಸ್ ಬೆಂಡ್ ಎಂಬ ಹಳ್ಳಿಯ ಕಥೆ ನೋಡಬೇಕು.

ವಿಲ್ಕಾಕ್ಸ್ ಕೌಂಟಿ ರಚನೆಯಾದದ್ದು 1819ರಲ್ಲಿ, ಕ್ರೀಕ್ ಬುಡಕಟ್ಟಿನವರಿಂದ ಕಿತ್ತುಕೊಂಡ ನೆಲದಲ್ಲಿ. ಅದಕ್ಕೂ ಮೊದಲೇ, 1816ರಲ್ಲಿ, ಉತ್ತರ ಕೆರೊಲಿನಾದಿಂದ ಬಂದ ಜೋಸೆಫ್ ಗೀ ಎಂಬಾತ ನದಿಯ ತಿರುವಿನಲ್ಲಿ ಹತ್ತಿ ಬೇಸಾಯ ಹೂಡಿದ್ದ. 1845ರಲ್ಲಿ ಆ ಜಮೀನು ಸಾಲದ ಲೆಕ್ಕಕ್ಕೆ ಅವನ ವಾರಸುದಾರರಿಂದ ಮಾರ್ಕ್ ಪೆಟ್‌ವೇ ಕೈಸೇರಿತು. ಮರುವರ್ಷ ಪೆಟ್‌ವೇ ಕುಟುಂಬ ಬಂಡಿಗಳಲ್ಲಿ ಬಂತು; ಸುಮಾರು ನೂರು ಗುಲಾಮರು ಉತ್ತರ ಕೆರೊಲಿನಾದಿಂದ ಅಲಬಾಮಾದವರೆಗೆ ನಡೆದುಕೊಂಡೇ ಬಂದರು. 1865ರಲ್ಲಿ ಗುಲಾಮಗಿರಿ ರದ್ದಾದರೂ ಇವರ ಪಾಲಿಗೆ ಬದಲಾದದ್ದು ಸ್ವಲ್ಪವೇ. ಅದೇ ಹೊಲ, ಅದೇ ಹತ್ತಿ, ಗುಲಾಮರು ಗೇಣಿದಾರರಾದರು. ಹಳ್ಳಿಯಲ್ಲಿ ಇಂದಿಗೂ ಬಹಳಷ್ಟು ಮಂದಿಯ ಮನೆಹೆಸರು ಪೆಟ್‌ವೇ.

ಗೇಣಿದಾರನಿಗೆ ಬಿತ್ತನೆ ಬೀಜ, ಗೊಬ್ಬರ, ಹಿಟ್ಟು ಎಲ್ಲವೂ ಕೌಂಟಿಯ ಆಡಳಿತ ಕೇಂದ್ರವಾದ ಕ್ಯಾಮ್ಡೆನ್ ಪೇಟೆಯ ವ್ಯಾಪಾರಿಯಿಂದ ಸಾಲವಾಗಿ ಬರುತ್ತಿತ್ತು. ಸುಗ್ಗಿಯಲ್ಲಿ ಹತ್ತಿ ಅವನಿಗೇ ಹೋಗುತ್ತಿತ್ತು. ಲೆಕ್ಕದ ಪುಸ್ತಕವೂ ಅವನದೇ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಹತ್ತಿಯ ಬೆಲೆ ನೆಲಕಚ್ಚಿದಾಗ ಸಾಲ ಬೆಟ್ಟದಷ್ಟಾಗಿತ್ತು. 1932ರಲ್ಲಿ ಆ ವ್ಯಾಪಾರಿ ಸತ್ತ. ಅವನ ವಿಧವೆಯ ಕಡೆಯವರು ವಸೂಲಿಗೆ ಬಂದು ಹಂದಿ, ಹಸು, ಹೇಸರಗತ್ತೆ, ಬಂಡಿ, ನೇಗಿಲು, ಚಳಿಗಾಲಕ್ಕೆಂದು ಕೂಡಿಟ್ಟ ಜೋಳ, ಗೆಣಸು ಏನನ್ನೂ ಬಿಡದೆ ಹೊತ್ತೊಯ್ದರು. ಆ ಚಳಿಗಾಲ ಜನ ಬದುಕಿದ್ದು ರೆಡ್ ಕ್ರಾಸ್ ಹಂಚಿದ ಆಹಾರದಿಂದ.

ಮುಂದೆ ನಡೆದದ್ದು ದಕ್ಷಿಣದಲ್ಲಿ ಅಪರೂಪ. ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ 1937ರ ಹೊತ್ತಿಗೆ ಇಲ್ಲಿನ ಸುಮಾರು 10 ಸಾವಿರ ಎಕರೆಯನ್ನು ಭೂಮಾಲೀಕರಿಂದ ಕೊಂಡುಕೊಂಡಿತು. ಹೊಸ ಮನೆ, ಶಾಲೆ, ಹತ್ತಿ ಬಿಡಿಸುವ ಜಿನ್ನು ಬಂದವು. 1940ರ ದಶಕದಲ್ಲಿ ಕಡಿಮೆ ಬಡ್ಡಿಯ ಸಾಲದ ಮೇಲೆ ಹೊಲಗಳನ್ನು ಅವರಿಗೇ ಮಾರಲಾಯಿತು. ಹೀಗೆ ಗುಲಾಮರ ಮೊಮ್ಮಕ್ಕಳು ಹೊಲದೊಡೆಯರಾದರು.

ಇದರ ಬೆಲೆ ಗೊತ್ತಾದದ್ದು ಮತದಾನದ ಹಕ್ಕಿನ ಹೋರಾಟದಲ್ಲಿ. ಕೌಂಟಿಯಲ್ಲಿ ಕಪ್ಪು ಜನರೇ ಬಹುಸಂಖ್ಯಾತರಾದರೂ 1965ರ ಆರಂಭದಲ್ಲಿ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ನೋಂದಣಿಗೆ ಕ್ಯಾಮ್ಡೆನ್‌ಗೇ ಹೋಗಬೇಕು. 1962ರಲ್ಲಿ, ಗೀಸ್ ಬೆಂಡ್ ಜನ ನೋಂದಣಿಗೆ ಹೊರಟ ಸಮಯದಲ್ಲೇ, ನದಿ ದಾಟಿಸುತ್ತಿದ್ದ ದೋಣಿ ನಿಂತುಹೋಯಿತು. ದೋಣಿಯಲ್ಲಿ ಸ್ವಲ್ಪ ಹೊತ್ತಿನ ದಾರಿ ರಸ್ತೆಯಲ್ಲಿ ಸುಮಾರು 40 ಮೈಲಿಯಾಯಿತು. ಆದರೂ ಜನ ಹೋದರು. 1965ರ ಫೆಬ್ರುವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇಲ್ಲಿಗೆ ಬಂದು ಮಾತನಾಡಿದರು. ಹೆಸರು ನೋಂದಾಯಿಸಿದ್ದಕ್ಕೆ ಕೌಂಟಿಯ ಬೇರೆಡೆ ಗೇಣಿದಾರರನ್ನು ಒಕ್ಕಲೆಬ್ಬಿಸಲಾಯಿತು. ಗೀಸ್ ಬೆಂಡ್‌ನವರನ್ನು ಎಬ್ಬಿಸಲು ಮೇಲೆ ಯಜಮಾನನೇ ಇರಲಿಲ್ಲ! ಕಿಂಗ್ ಅವರ ಭಾಷಣಕ್ಕಿಂತ ಸ್ವಂತ ಹೊಲದ ಕಾಗದಪತ್ರವೇ ಅವರಿಗೆ ದೊಡ್ಡ ಧೈರ್ಯ ಕೊಟ್ಟಿತೆಂದರೆ ತಪ್ಪಾಗಲಾರದು.

ಹೊಲವೇನೋ ಉಳಿಯಿತು, ಆದರೆ ಹತ್ತಿ ಕೈಬಿಟ್ಟಿತು. 1960ರ ದಶಕದ ಅಣೆಕಟ್ಟೆಯ ಹಿನ್ನೀರಿನಲ್ಲಿ ಒಳ್ಳೆಯ ತಗ್ಗಿನ ಜಮೀನು ಮುಳುಗಿತು. ಆಗ ಕೈಹಿಡಿದದ್ದು ಕೌದಿ. ಹಳೆಯ ಕೆಲಸದ ಬಟ್ಟೆಯ ಚೂರುಗಳನ್ನು ಜೋಡಿಸಿ, ಚಳಿಗೆಂದು ಹೆಂಗಸರು ಹೊಲಿಯುತ್ತಿದ್ದ ಕೌದಿ. 1966ರಲ್ಲಿ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರಿ ಸಂಘ ಹುಟ್ಟಿತು. 1972ರಲ್ಲಿ ಸಿಯರ್ಸ್ ಕಂಪೆನಿಗೆ ದಿಂಬಿನ ಚೀಲ ಹೊಲಿದುಕೊಡುವ ಗುತ್ತಿಗೆ ದೊರೆಯಿತು. 2002ರಲ್ಲಿ ಗೀಸ್ ಬೆಂಡ್ ಕೌದಿಗಳು ಹ್ಯೂಸ್ಟನ್, ನ್ಯೂಯಾರ್ಕ್ ವಸ್ತುಸಂಗ್ರಹಾಲಯಗಳ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯಾದವು. ಕೀರ್ತಿ ಬಂದಷ್ಟು ಹಣ ಬಂತೇ? ಮರುವರ್ಷ ಕೆಲವು ಹೆಂಗಸರು ನ್ಯಾಯಾಲಯದ ಮೆಟ್ಟಿಲೇರಿದ್ದರು, 2008ರಲ್ಲಿ ರಾಜಿಯಾಯಿತು. ಸಹಕಾರಿ ಸಂಘ 2012ರಲ್ಲಿ ಮುಚ್ಚಿತು.

ಹತ್ತಿಯ ಜಾಗದಲ್ಲಿ ಈಗ ಬಹುಪಾಲು ಪೈನ್ ಮರಗಳು. ಪೈನ್ ಹಿಲ್ ಬಳಿಯ ಕಾಗದದ ಕಾರ್ಖಾನೆ ಅವನ್ನು ನುಂಗುತ್ತದೆ. 2014ರಲ್ಲಿ ಚೀನಾದ ಕಂಪೆನಿಯೊಂದು ತಾಮ್ರದ ಕೊಳವೆ ಕಾರ್ಖಾನೆ ತೆರೆಯಿತು. ಅದೇ ವರ್ಷ ಅಲ್ಲಿನ ಕಾರ್ಮಿಕರು ಒಂದೇ ಮತದ ಅಂತರದಲ್ಲಿ ಕಾರ್ಮಿಕ ಸಂಘದ ಪರ ನಿಂತರು. ಅಲಬಾಮಾದ ಅತಿ ಬಡ ಕೌಂಟಿಗಳ ಸಾಲಿನಲ್ಲಿ ವಿಲ್ಕಾಕ್ಸ್ ಹೆಸರು ಇಂದಿಗೂ ಬರುತ್ತದೆ.

ದೋಣಿ ಮತ್ತೆ ನೀರಿಗಿಳಿದದ್ದು 2006ರಲ್ಲಿ, 44 ವರ್ಷಗಳ ನಂತರ. 2019ರಿಂದ ಅದು ಡೀಸೆಲ್ ಬಿಟ್ಟು ಬ್ಯಾಟರಿಯಿಂದ ಓಡುತ್ತಿದೆ.