ಸೆಕೆಂಡ್ ರೌಂಡ್: ‘ಬೇಡ’ ಅನ್ನಿಸಿಕೊಂಡ ಹುಡುಗೀರ ಹಿಸ್ಟರಿ

1/8
ಹೋದ ವಾರ ನಮ್ಮ ಕ್ಯಾಂಪಸ್‌ನ ಒಬ್ಬ ಜೂನಿಯರ್ ರಾತ್ರಿ ಹನ್ನೆರಡಕ್ಕೆ ಮೆಸೇಜ್ ಮಾಡಿದ್ಲು. “ಅಕ್ಕಾ, ನನಗೆ ಯಾವ ಸೊರಾರಿಟಿನೂ ಸಿಗ್ಲಿಲ್ಲ. ರೂಮ್‌ಮೇಟ್‌ಗೆ ಸಿಕ್ತು. ಮುಂದಿನ ಸೆಮ್‌ನಲ್ಲಿ ಇನ್ನೊಂದ್ಸಲ ಟ್ರೈ ಮಾಡಿದ್ರೆ ಮರ್ಯಾದೆ ಹೋಗುತ್ತಾ?”

ಉತ್ತರ ಟೈಪ್ ಮಾಡ್ತಾ ಮಾಡ್ತಾ ಉದ್ದ ಆಯ್ತು. ಯಾಕಂದ್ರೆ ಎರಡು ವರ್ಷದ ಹಿಂದೆ ಅದೇ ಪ್ರಶ್ನೆ ನನ್ನದೂ ಆಗಿತ್ತು. ಕೇಳೋಕೆ ಅಕ್ಕ ಅಂತ ಯಾರೂ ಇರ್ಲಿಲ್ಲ. ಅದಕ್ಕೆ ಲೈಬ್ರರಿಯಲ್ಲಿ ಕೂತು ಹಿಸ್ಟರಿ ಓದಿದೆ. ಈ ಸಲದ ಸರಣಿ ಅವಳಿಗೆ. ಊರಲ್ಲಿರೋ ನನ್ನ ಪಿಯುಸಿ ಗ್ಯಾಂಗ್‌ಗೂ ಸೇರಿಸಿಯೇ ಬರೀತಿದ್ದೀನಿ. “ಸೊರಾರಿಟಿ ಅಂದ್ರೆ ಏನೇ?” ಅಂತ ಕೇಳ್ತಾನೇ ಇದ್ರಲ್ಲ, ಇಲ್ಲಿದೆ ನೋಡಿ.

2/8
ಸೊರಾರಿಟಿ ಅಂದ್ರೆ ಅಮೆರಿಕದ ಕಾಲೇಜುಗಳಲ್ಲಿ ಹುಡುಗಿಯರು ಕಟ್ಟಿಕೊಂಡಿರೋ ಸಂಘ. ಹೆಸರೆಲ್ಲ ಗ್ರೀಕ್ ಅಕ್ಷರಗಳಲ್ಲಿ ಇರುತ್ತೆ. ಕೆಲವಕ್ಕೆ ಕ್ಯಾಂಪಸ್ ಪಕ್ಕದಲ್ಲೇ ದೊಡ್ಡ ಮನೆ ಇರುತ್ತೆ, ಸದಸ್ಯರು ಅಲ್ಲೇ ಒಟ್ಟಿಗೆ ವಾಸ ಮಾಡ್ತಾರೆ. ಡಿಗ್ರಿ ಮುಗಿದ ಮೇಲೂ ಆ ನಂಟು ಬಿಡಲ್ಲ. ಕೆಲಸ ಹುಡುಕುವಾಗ, ಹೊಸ ಊರಿಗೆ ಹೋದಾಗ ಹಳೇ ಸದಸ್ಯೆಯರು ಕೈ ಹಿಡಿಯುತ್ತಾರೆ.

ಸೇರೋದು ಹೇಗೆ? ಅದಕ್ಕೆ ‘ರಷ್’ ಅಂತಾರೆ, ಈಗ ಮರ್ಯಾದೆಯಾಗಿ ‘ರಿಕ್ರೂಟ್‌ಮೆಂಟ್’ ಅಂತಾರೆ. ನಮ್ಮ ಕಡೆ ಹೆಣ್ಣು ನೋಡೋ ಶಾಸ್ತ್ರ ಇದೆಯಲ್ಲ, ಅದನ್ನ ತಿರುಗಿಸಿ ಹಾಕಿ. ಉಪ್ಪಿಟ್ಟು ಕೇಸರಿಬಾತ್ ಇಲ್ಲ. ಅವರು ನಮ್ಮ ಮನೆಗೆ ಬರಲ್ಲ, ನಾವೇ ದಿನಕ್ಕೆ ನಾಲ್ಕೈದು ಮನೆಗೆ ಹೋಗಿ ನಗ್ತಾ ಮಾತಾಡಿ ಬರಬೇಕು. ರೌಂಡ್ ಆದ ಹಾಗೆ ಪಟ್ಟಿ ಚಿಕ್ಕದಾಗುತ್ತೆ. ಕೊನೆಯ ದಿನ ಬರೋ ಆಹ್ವಾನಕ್ಕೆ ‘ಬಿಡ್’ ಅಂತ ಹೆಸರು. ಸಿಕ್ಕವರು ಕಿರುಚಿಕೊಂಡು ಓಡ್ತಾರೆ, ಆ ರೀಲ್ಸ್ ಎಲ್ಲ ನೀವು ನೋಡಿರ್ತೀರಿ. ಸಿಗದವರ ರೀಲ್ಸ್ ಯಾರೂ ಮಾಡಲ್ಲ.

3/8
ಈಗ ಮೊದಲನೇ ಕಥೆ. ವರ್ಷ 1867. ಇಂಡಿಯಾನಾ ರಾಜ್ಯದ ಗ್ರೀನ್‌ಕ್ಯಾಸಲ್ ಅನ್ನೋ ಸಣ್ಣ ಊರು. ಅಲ್ಲಿನ ಇಂಡಿಯಾನಾ ಆಸ್ಬರಿ ಯೂನಿವರ್ಸಿಟಿ (ಇವತ್ತಿನ ಡೀಪಾ) ಮೊದಲ ಸಲ ಹುಡುಗಿಯರನ್ನ ಸೇರಿಸಿಕೊಂಡಿತು. ಕ್ಲಾಸಿನ ಹುಡುಗರಿಗೆ ಅದು ಹಿಡಿಸಲಿಲ್ಲ. ಆ ಮೊದಲ ಬ್ಯಾಚಿನಲ್ಲಿದ್ದವಳು ಬೆಟ್ಟಿ ಲಾಕ್, ಅಲ್ಲಿನದೇ ಗಣಿತ ಪ್ರೊಫೆಸರ್ ಮಗಳು.

ಅವಳ ಸಂಘ ಇವತ್ತಿಗೂ ಹೇಳಿಕೊಂಡು ಬರೋ ಕಥೆ ಇದು: ಹುಡುಗರ ಸಂಘವೊಂದು, ಫೈ ಗ್ಯಾಮಾ ಡೆಲ್ಟಾ, ಅವಳಿಗೆ ತನ್ನ ಬ್ಯಾಡ್ಜ್ ಹಾಕಿಕೊಳ್ಳೋಕೆ ಕೊಟ್ಟಿತು. ಸದಸ್ಯತ್ವ ಮಾತ್ರ ಇಲ್ಲ, ಸುಮ್ಮನೆ ಅಲಂಕಾರಕ್ಕೆ. ಬೆಟ್ಟಿ ಕೇಳಿದಳು: ಬ್ಯಾಡ್ಜ್ ಜೊತೆ ಪೂರ್ತಿ ಸದಸ್ಯತ್ವನೂ ಕೊಡ್ತೀರಾ? ಅದಾಗಲ್ಲ ಅಂದರು. ಬ್ಯಾಡ್ಜ್ ಬದಲು ಒಂದು ಬೆಳ್ಳಿ ಕೇಕ್ ಬುಟ್ಟಿ ಉಡುಗೊರೆ ಬಂತು. ಅವಳ ಅಪ್ಪನೂ ಹುಡುಗರ ಇನ್ನೊಂದು ಸಂಘದ ಹಳೇ ಸದಸ್ಯರು. ನಿನ್ನದೇ ಒಂದನ್ನ ಯಾಕೆ ಶುರು ಮಾಡಬಾರದು ಅಂತ ಹುರಿದುಂಬಿಸಿದರು.

1870ರ ಜನವರಿ 27ರಂದು ಬೆಟ್ಟಿ ಲಾಕ್, ಆಲಿಸ್ ಆಲೆನ್, ಬೆಟ್ಟಿ ಟಿಪ್ಟನ್, ಹ್ಯಾನಾ ಫಿಚ್, ಬರೀ ನಾಲ್ಕು ಜನ ಸೇರಿ ಕಪ್ಪಾ ಆಲ್ಫಾ ಥೀಟಾ ಶುರು ಮಾಡಿದರು. ಆಗ ‘ಸೊರಾರಿಟಿ’ ಅನ್ನೋ ಪದವೇ ಬಳಕೆಯಲ್ಲಿ ಇರಲಿಲ್ಲ. ಅದು 1882ರ ಹೊತ್ತಿಗೆ ಸಿರಾಕ್ಯೂಸ್‌ನಲ್ಲಿ ಗ್ಯಾಮಾ ಫೈ ಬೀಟಾ ಸಂಘಕ್ಕಾಗಿ ಒಬ್ಬ ಲ್ಯಾಟಿನ್ ಮೇಷ್ಟ್ರು ಕೊಟ್ಟ ಪದ.

ಗಮನಿಸಿ. ಇಷ್ಟು ದೊಡ್ಡ ವ್ಯವಸ್ಥೆ ಶುರುವಾಗಿದ್ದೇ ‘ನಿನ್ನನ್ನ ಸೇರಿಸಿಕೊಳ್ಳಲ್ಲ’ ಅನ್ನಿಸಿಕೊಂಡ ಹುಡುಗಿಯಿಂದ.

4/8
ಮೂವತ್ತು ವರ್ಷ ಕಳೆಯೋದ್ರೊಳಗೆ ಸಂಘಗಳು ಜಾಸ್ತಿ ಆದವು, ಪೈಪೋಟಿ ಶುರುವಾಯ್ತು. ಒಳ್ಳೆ ಹುಡುಗೀರನ್ನ ಬೇರೆಯವರಿಗಿಂತ ಮುಂಚೆ ಹಿಡಿಯೋ ಆತುರ. ಕಾಲೇಜು ಸೇರೋದಕ್ಕೂ ಮುಂಚೆಯೇ ಮಾತು ತಗೊಳ್ಳೋ ಮಟ್ಟಕ್ಕೆ ಹೋಯ್ತು. ‘ರಷ್’ ಅನ್ನೋ ಪದ ಸುಮ್ಮನೆ ಬಂದಿದ್ದಲ್ಲ! 1902ರಲ್ಲಿ ಏಳು ಸಂಘಗಳ ಪ್ರತಿನಿಧಿಗಳು ಷಿಕಾಗೋದಲ್ಲಿ ಸೇರಿ ರೂಲ್ಸ್ ಮಾಡೋಕೆ ಕೂತರು. ಇವತ್ತಿನ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಹುಟ್ಟಿದ್ದು ಹಾಗೆ.

1928ರಿಂದ ಒಂದು ಹೊಸ ಪದ್ಧತಿ ಬಂತು. ಹುಡುಗಿ ತನಗಿಷ್ಟವಾದ ಮನೆಗಳನ್ನ ಒಂದು, ಎರಡು, ಮೂರು ಅಂತ ಬರೀತಾಳೆ. ಮನೆಯವರೂ ಹುಡುಗೀರ ಪಟ್ಟಿ ಬರೀತಾರೆ. ಒಂದೊಂದು ಮನೆಗೂ ಇಷ್ಟೇ ಜನ ಅಂತ ಕೋಟಾ. ಎರಡೂ ಪಟ್ಟಿ ತಾಳೆ ನೋಡಿ ಜೋಡಿ ಮಾಡ್ತಾರೆ. ನಮ್ಮ ಸಿಇಟಿ ಆಪ್ಷನ್ ಎಂಟ್ರಿ ನೆನಪಾಯ್ತಾ? ಹೆಚ್ಚುಕಮ್ಮಿ ಅದೇ ತಲೆನೋವು. ಒಂದೇ ವ್ಯತ್ಯಾಸ, ಇಲ್ಲಿ ರ‍್ಯಾಂಕ್ ಇಲ್ಲ, ಒಬ್ಬೊಬ್ಬರ ಮನಸ್ಸಿನ ಲೆಕ್ಕ ಒಂದೊಂದು.

ಇದನ್ನ ಇಬ್ಬರು ಅರ್ಥಶಾಸ್ತ್ರಜ್ಞರು ಸೀರಿಯಸ್ಸಾಗಿ ಅಧ್ಯಯನ ಮಾಡಿದ್ದಾರೆ. ಸೂಸನ್ ಮಾಂಗೆಲ್ ಮತ್ತು ಆಲ್ವಿನ್ ರಾತ್ ಅವರ ಲೇಖನ ಬಂದಿದ್ದು 1991ರಲ್ಲಿ. ಇದೇ ರಾತ್‌ಗೆ 2012ರಲ್ಲಿ ನೊಬೆಲ್ ಬಂತು. ಅವರು ಕಂಡುಕೊಂಡಿದ್ದು: ತುಂಬ ಹುಡುಗೀರು ಕೊನೆಗೆ ಒಂದೇ ಮನೆ ಹೆಸರು ಬರೆದು ಬಿಡ್ತಿದ್ರು. ಅದು ತಪ್ಪಿದರೆ ಕೈ ಖಾಲಿ. ಆದ್ರೆ ಅಲ್ಲಿಗೇ ಆಟ ಮುಗೀತಿರಲಿಲ್ಲ. ಸೀಟು ಉಳಿದ ಮನೆಗಳು ಆಮೇಲೆ ನೇರವಾಗಿ ಕರೀಬಹುದಿತ್ತು. ಇವತ್ತು ಅದಕ್ಕೆ ‘ಕಂಟಿನ್ಯೂಯಸ್ ಓಪನ್ ಬಿಡ್ಡಿಂಗ್’ ಅಂತ ಹೆಸರು.

ಅಂದ್ರೆ ಸೆಕೆಂಡ್ ರೌಂಡ್ ಅನ್ನೋದು ಯಾರೋ ಕನಿಕರಪಟ್ಟು ಕೊಡೋ ಚಾನ್ಸ್ ಅಲ್ಲ, ಸಿಸ್ಟಮ್‌ನ ಒಂದು ಭಾಗ. ಮೊದಲ ರೌಂಡ್ ಎಲ್ಲರನ್ನೂ ಜೋಡಿ ಮಾಡಲ್ಲ ಅಂತ ಅದನ್ನ ನಡೆಸೋರಿಗೇ ಗೊತ್ತು.

5/8
ಇಷ್ಟೇ ಆಗಿದ್ರೆ ಇದು ಬರೀ ಲೆಕ್ಕದ ವಿಷಯ ಆಗಿರ್ತಿತ್ತು. ಆದ್ರೆ ಬೇಡ ಅನ್ನಿಸಿಕೊಂಡವರು ಒಳಗೆ ಹೋಗಿ ಕೂತ ಮೇಲೆ ಏನು ಮಾಡಿದ್ರು? ಅವರೂ ಬೇಡ ಅನ್ನೋಕೆ ಶುರು ಮಾಡಿದ್ರು.

ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜು, 1930ರ ದಶಕದ ಆರಂಭ. ಅಲ್ಲಿನ ಸೊರಾರಿಟಿಯೊಂದು ಒಬ್ಬ ಹುಡುಗಿಯನ್ನ ಯಹೂದಿ ಅನ್ನೋ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಯಾವ ಸೊರಾರಿಟಿ ಗೊತ್ತಾ? ಕಪ್ಪಾ ಆಲ್ಫಾ ಥೀಟಾ. ಹೌದು, ಬೆಟ್ಟಿ ಲಾಕ್ ಕಟ್ಟಿದ್ದೇ! ಅದರ ಸದಸ್ಯೆ ಮಾಲಿ ಯಾರ್ಡ್‌ಗೆ ಇದನ್ನ ಸಹಿಸೋಕೆ ಆಗಲಿಲ್ಲ. ಒಳಗಿದ್ದುಕೊಂಡೇ, ಸೊರಾರಿಟಿಗಳೇ ಬೇಡ ಅಂತ ಹೋರಾಟಕ್ಕೆ ಇಳಿದಳು, ಗೆದ್ದಳು. 1933ರಲ್ಲಿ ಆ ಕಾಲೇಜಲ್ಲಿ ಸೊರಾರಿಟಿಗಳು ರದ್ದಾದವು. ಮುಂದೆ ಇದೇ ಮಾಲಿ ಯಾರ್ಡ್ ಅಮೆರಿಕದ ದೊಡ್ಡ ಮಹಿಳಾ ಸಂಘಟನೆ ‘ನೌ’ಗೆ ಅಧ್ಯಕ್ಷೆ ಆದರು.

1944ರಲ್ಲಿ ಸ್ಟ್ಯಾನ್‌ಫರ್ಡ್ ಕೂಡ ಸೊರಾರಿಟಿಗಳನ್ನ ನಿಲ್ಲಿಸಿತು. ಹುಡುಗೀರ ಸಂಖ್ಯೆ ಏರಿತ್ತು, ಸೀಟು ಕಡಿಮೆ, ಸಿಕ್ಕವರು ಮತ್ತು ಸಿಗದವರು ಅಂತ ಕ್ಯಾಂಪಸ್ ಎರಡು ಭಾಗ ಆಗಿತ್ತು. ಮುಂದಿನ ವರ್ಷ ವಿಸ್ಕಾನ್ಸಿನ್ ಯೂನಿವರ್ಸಿಟಿಯ ಮಾಜಿ ಅಧ್ಯಕ್ಷ ಗ್ಲೆನ್ ಫ್ರ್ಯಾಂಕ್ ಅವರ ಪತ್ನಿ ಒಂದು ಮಹಿಳಾ ಪತ್ರಿಕೆಯಲ್ಲಿ ಲೇಖನ ಬರೆದು, ಆಯ್ಕೆ ಆಗದ ಹುಡುಗೀರ ನೋವನ್ನ ದೇಶದ ಮುಂದೆ ಇಟ್ಟರು. ಈ ಪದ್ಧತಿಯನ್ನೇ ಕಾನೂನು ಮಾಡಿ ನಿಲ್ಲಿಸಿ ಅಂತ ಕೇಳಿದರು.

ರೂಮಿನ ಬಾಗಿಲು ಹಾಕಿಕೊಂಡು ಅತ್ತವಳು ನೀನೊಬ್ಬಳೇ ಅಲ್ಲ ಕಣೇ. ನಿನಗಿಂತ ಮುಂಚೆ ಎಷ್ಟು ಜನ ಅತ್ತಿದ್ದಾರೆ ಅಂದ್ರೆ, ಯೂನಿವರ್ಸಿಟಿಗಳೇ ಬಾಗಿಲು ಹಾಕಬೇಕಾಯ್ತು.

6/8
ಕೆಲವರಿಗೆ ಎರಡನೇ ಸಲ, ಹತ್ತನೇ ಸಲ ಹೋದ್ರೂ ಬಾಗಿಲು ತೆರೆಯುತ್ತಿರಲಿಲ್ಲ. ಅವರು ಬೆಟ್ಟಿ ಲಾಕ್ ಮಾಡಿದ್ದನ್ನೇ ಮಾಡಿದರು.

1908ರಲ್ಲಿ ವಾಷಿಂಗ್ಟನ್‌ನ ಹೋವರ್ಡ್ ಯೂನಿವರ್ಸಿಟಿಯಲ್ಲಿ ಎಥೆಲ್ ಹೆಜ್‌ಮನ್ ಮುಂದಾಳತ್ವದಲ್ಲಿ ಆಲ್ಫಾ ಕಪ್ಪಾ ಆಲ್ಫಾ ಹುಟ್ಟಿತು. ಕಪ್ಪು ವಿದ್ಯಾರ್ಥಿನಿಯರ ಮೊದಲ ಗ್ರೀಕ್ ಅಕ್ಷರದ ಸಂಘ ಅದು. 1913ರ ಜನವರಿಯಲ್ಲಿ ಅಲ್ಲಿಯೇ 22 ಜನ ಸೇರಿ ಡೆಲ್ಟಾ ಸಿಗ್ಮಾ ಥೀಟಾ ಕಟ್ಟಿದರು. ಅವರು ಸಂಘದ ಹೆಸರಲ್ಲಿ ಮೊದಲು ಬೀದಿಗೆ ಇಳಿದಿದ್ದು ಪಾರ್ಟಿಗಲ್ಲ, ಅದೇ ಮಾರ್ಚ್ 3ರಂದು ಮಹಿಳೆಯರ ಮತದಾನದ ಹಕ್ಕಿಗಾಗಿ ನಡೆದ ಮೆರವಣಿಗೆಗೆ. ಯಹೂದಿ ವಿದ್ಯಾರ್ಥಿನಿಯರು 1909ರಲ್ಲಿ ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಲ್ಲಿ, 1917ರಲ್ಲಿ ಕಾರ್ನೆಲ್‌ನಲ್ಲಿ ತಮ್ಮ ಸಂಘ ಕಟ್ಟಿಕೊಂಡರು.

ನಮ್ಮಂಥವರ ಕಥೆನೂ ಇದೆ. 1998ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕಪ್ಪಾ ಫೈ ಗ್ಯಾಮಾ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ ಶುರುವಾದವು. ಎರಡೂ ದಕ್ಷಿಣ ಏಷ್ಯಾ ಮೂಲದ ಹುಡುಗಿಯರು ಕಟ್ಟಿದ್ದು. ಊಟದಲ್ಲಿ ಏನು ತಿನ್ನಲ್ಲ, ಮನೆಯಿಂದ ದಿನಕ್ಕೆ ಎರಡು ಸಲ ಯಾಕೆ ಫೋನ್ ಬರುತ್ತೆ ಅಂತ ವಿವರಿಸೋ ಕಷ್ಟ ಅಂಥ ಕಡೆ ಸ್ವಲ್ಪ ಕಡಿಮೆ.

7/8
ಕೊನೆಯ ಕಥೆ ತೀರಾ ಹಳೇದಲ್ಲ. ಅಲಬಾಮಾ ಯೂನಿವರ್ಸಿಟಿ. 1963ರ ಜೂನ್ 11ರಂದು ಇಬ್ಬರು ಕಪ್ಪು ವಿದ್ಯಾರ್ಥಿಗಳು ಸೇರಬಾರದು ಅಂತ ಅಲ್ಲಿನ ಗವರ್ನರ್ ಜಾರ್ಜ್ ವ್ಯಾಲೇಸ್ ಬಾಗಿಲಿಗೇ ಅಡ್ಡ ನಿಂತಿದ್ದ. ಅವತ್ತೇ ಆ ಬಾಗಿಲು ತೆರೆಯಿತು. ಆದ್ರೆ ಐವತ್ತು ವರ್ಷ ಆದ್ರೂ ಸೊರಾರಿಟಿ ಮನೆಗಳ ಬಾಗಿಲು ಹೆಚ್ಚುಕಮ್ಮಿ ಮುಚ್ಚಿಯೇ ಇತ್ತು.

2013ರ ಸೆಪ್ಟೆಂಬರ್ 11ರಂದು ಅಲ್ಲಿನ ವಿದ್ಯಾರ್ಥಿ ಪತ್ರಿಕೆ ‘ದಿ ಕ್ರಿಮ್ಸನ್ ವೈಟ್’ ಒಂದು ವರದಿ ಹಾಕಿತು. ತುಂಬ ಒಳ್ಳೆ ಅಂಕ ತೆಗೆದಿದ್ದ ಕಪ್ಪು ಹುಡುಗಿಯೊಬ್ಬಳಿಗೆ ಒಂದು ಮನೆಯಿಂದಲೂ ಬಿಡ್ ಬಂದಿರಲಿಲ್ಲ. ಒಳಗಿದ್ದ ಹುಡುಗೀರಲ್ಲಿ ಕೆಲವರೇ ಬಾಯಿ ಬಿಟ್ಟರು: ನಮಗೆ ಅವಳು ಬೇಕಿತ್ತು, ಹಳೇ ಸದಸ್ಯೆಯರು ತಡೆದರು ಅಂತ. ದೇಶವೆಲ್ಲ ಸುದ್ದಿ ಆಯ್ತು. ವಿದ್ಯಾರ್ಥಿಗಳು ಮೆರವಣಿಗೆ ಮಾಡಿದರು. ಯೂನಿವರ್ಸಿಟಿ ಅಧ್ಯಕ್ಷೆ ಜೂಡಿ ಬಾನರ್ ಆಯ್ಕೆಯನ್ನ ಮತ್ತೆ ತೆರೆಯಿರಿ ಅಂದರು. ಹೇಗೆ? ನಾಲ್ಕನೇ ಪೋಸ್ಟ್‌ನಲ್ಲಿ ಹೇಳಿದೆನಲ್ಲ, ಅದೇ ಓಪನ್ ಬಿಡ್ಡಿಂಗ್. ಕೆಲವೇ ದಿನಗಳಲ್ಲಿ 11 ಕಪ್ಪು ಹುಡುಗಿಯರಿಗೆ ಬಿಡ್ ಹೋಯ್ತು, ನಾಲ್ವರು ಅದನ್ನ ಒಪ್ಪಿದರು.

ಉಳಿದವರು ತಕ್ಷಣ ಹೂಂ ಅನ್ನಲಿಲ್ಲ ಅನ್ನೋದನ್ನೂ ನೋಡಿ. ಕರೆದ ಕೂಡಲೇ ಹೋಗಲೇಬೇಕು ಅಂತೇನಿಲ್ಲ.

8/8
ಈಗ ನಿನ್ನ ಪ್ರಶ್ನೆಗೆ ಬರ್ತೀನಿ, ತಂಗಿ.

ಮರ್ಯಾದೆ ಹೋಗಲ್ಲ. ಹೋಗು. ಆದ್ರೆ ಹೋಗೋ ಮುಂಚೆ ಒಂದು ವಿಷಯ ನಿನ್ನಷ್ಟಕ್ಕೆ ನೀನೇ ಕೇಳಿಕೋ: ಸಿಗಲಿಲ್ಲ ಅನ್ನೋ ಸಿಟ್ಟಿಗೆ ಹೋಗ್ತಿದ್ದೀಯಾ, ಅಲ್ಲಿರೋ ಜನ ಬೇಕು ಅಂತ ಹೋಗ್ತಿದ್ದೀಯಾ? ಎರಡನೇದಾದ್ರೆ ಈ ಸಲ ಒಂದೇ ಹೆಸರು ಹಿಡಿದುಕೊಂಡು ಕೂರಬೇಡ. ಸೀಟು ಉಳಿದ ಮನೆಗಳನ್ನ ವಿಚಾರಿಸು. ಅಲ್ಲಿನ ಇಬ್ಬರ ಜೊತೆಯಾದ್ರೂ ರಷ್ ಗಲಾಟೆ ಇಲ್ಲದ ದಿನ ಕಾಫಿ ಕುಡಿ. ಫೀಸ್ ಎಷ್ಟು ಅಂತ ಮೊದಲೇ ಕೇಳು, ಅಪ್ಪನ ಹತ್ತಿರ ಆಮೇಲೆ ಹೇಳೋದು ಕಷ್ಟ.

ನನ್ನ ವಿಷಯ: ಮೊದಲ ಸಲ ಎರಡನೇ ರೌಂಡ್‌ಗೇ ನನ್ನ ಪಟ್ಟಿ ಖಾಲಿ. ಅಮ್ಮನಿಗೆ “ನನಗೇ ಇಷ್ಟ ಆಗ್ಲಿಲ್ಲ” ಅಂತ ಸುಳ್ಳು ಹೇಳಿದ್ದೆ. ಮುಂದಿನ ಸೆಮ್‌ನಲ್ಲಿ, ಮೊದಲ ಸಲ ನಾನು ಸರಿಯಾಗಿ ನೋಡೇ ಇರದ ಒಂದು ಸಣ್ಣ ಮನೆಗೆ ಸೇರಿದೆ. ಇವತ್ತಿಗೂ ಅದು ನನ್ನದೇ ಅನ್ನಿಸುತ್ತೆ.

ಆದ್ರೆ ಈ ಆಗಸ್ಟ್‌ನಲ್ಲಿ ನಾನು ಮೇಜಿನ ಆ ಕಡೆ ಕೂತಿದ್ದೆ. ನನ್ನ ಕೈಯಲ್ಲೂ ಒಂದು ಪಟ್ಟಿ ಇತ್ತು. ಒಬ್ಬ ಹುಡುಗಿ ತುಂಬ ಕಮ್ಮಿ ಮಾತಾಡಿದ್ಲು. ಅವಳ ಹೆಸರ ಮುಂದೆ ನಾನು ಕಮ್ಮಿ ಅಂಕ ಹಾಕಿದೆ. ಮನೆಗೆ ಬಂದ ಮೇಲೆ ನೆನಪಾಯ್ತು, ಎರಡು ವರ್ಷದ ಹಿಂದೆ ನಾನೂ ಹಾಗೇ ಕೂತಿದ್ದೆ. ಅಷ್ಟೊತ್ತಿಗೆ ಪಟ್ಟಿ ಹೋಗಿಯಾಗಿತ್ತು.

ಬೆಳ್ಳಿ ಬುಟ್ಟಿ ಕೊಟ್ಟು ಕಳಿಸಿದ ಹುಡುಗರನ್ನ ಬೈಯ್ಯೋದು ಸುಲಭ. ನಾವು ಯಾರಿಗೆ ಬುಟ್ಟಿ ಕೊಟ್ಟು ಕಳಿಸ್ತಿದ್ದೀವಿ ಅಂತ ನೋಡಿಕೊಳ್ಳೋದು ಕಷ್ಟ. ಈ ಹಿಸ್ಟರಿಯಿಂದ ನಾನು ಕಲಿತಿದ್ದು ಇಷ್ಟೇ.

ಸ್ಪ್ರಿಂಗ್‌ನಲ್ಲಿ ನಮ್ಮ ಮನೆಯಲ್ಲೂ ಕೆಲವು ಸೀಟು ಉಳಿದಿರುತ್ತೆ. ಆ ಕಮ್ಮಿ ಮಾತಿನ ಹುಡುಗಿಗೆ ನಾನೇ ಹೋಗಿ ಕಾಫಿಗೆ ಕರೀಬೇಕು ಅಂದ್ಕೊಂಡಿದ್ದೀನಿ. ನೀನೂ ಬಾ.

ಎರಡನೇ ಸಲ ಟ್ರೈ ಮಾಡಿದವರು ಯಾರಾದ್ರೂ ಇದ್ರೆ (ಸೊರಾರಿಟಿನೇ ಆಗಬೇಕಿಲ್ಲ, ಎನ್‌ಸಿಸಿ, ಕಾಲೇಜ್ ಡ್ರಾಮಾ ಟೀಮ್, ಏನಾದ್ರೂ ಸರಿ) ಕೆಳಗೆ ಬರೀರಿ. ಅವಳು ಓದ್ತಾಳೆ.

#ಹಿಸ್ಟರಿಕಥೆ #ಸೆಕೆಂಡ್‌ರೌಂಡ್ #ಕನ್ನಡದಲ್ಲಿ