ಮಾಂಟೆಸ್ಸರಿ ಪದ್ಧತಿಯ ತಾತ್ವಿಕ ಮೂಲಗಳು: ಇಂದ್ರಿಯವಾದದಿಂದ ಜೀವಶಾಸ್ತ್ರದವರೆಗೆ

ಮಾರಿಯಾ ಮಾಂಟೆಸ್ಸರಿ ಅವರನ್ನು ರೂಸೋನ ಪರಂಪರೆಗೆ ಸೇರಿಸಿ ಓದುವುದು ನಮ್ಮ ಶಿಕ್ಷಣಶಾಸ್ತ್ರದ ಪಠ್ಯಗಳಲ್ಲಿ ರೂಢಿ. ಮಗುವಿಗೆ ಸ್ವಾತಂತ್ರ್ಯ ಬೇಕು, ದೊಡ್ಡವರ ಒತ್ತಾಯ ಸಲ್ಲದು ಎಂಬ ಮಾತುಗಳು 1762ರ ‘ಎಮಿಲ್’ ಕೃತಿಯನ್ನು ನೆನಪಿಗೆ ತರುತ್ತವೆ, ನಿಜ. ಆದರೆ ರೂಸೋ ತನ್ನ ಹುಡುಗನನ್ನು ಹನ್ನೆರಡರ ತನಕ ಪುಸ್ತಕದಿಂದ ದೂರವಿಡಲು ಬಯಸಿದವನು. ಮಾಂಟೆಸ್ಸರಿಯವರ ಮಕ್ಕಳು ನಾಲ್ಕೈದನೆಯ ವಯಸ್ಸಿಗೇ ಬರೆಯತೊಡಗಿದರು. ಈ ಅಂತರ ಸಣ್ಣದಲ್ಲ. ಆಕೆ 1896ರಲ್ಲಿ ರೋಮ್‌ನಲ್ಲಿ ಪದವಿ ಪಡೆದ ವೈದ್ಯೆ, ಆಕೆಯನ್ನು ಶಿಕ್ಷಣದ ಕಡೆಗೆ ತಿರುಗಿಸಿದವರೂ ವೈದ್ಯರೇ. ಈ ಪದ್ಧತಿಯ ಸಾಧನಗಳು ಹದಿನೆಂಟನೆಯ ಶತಮಾನದ ಫ್ರೆಂಚ್ ಇಂದ್ರಿಯವಾದದಿಂದ ಬಂದವು. ಅದರ ಸ್ವಾತಂತ್ರ್ಯದ ಕಲ್ಪನೆಗೆ ಆಧಾರ ಸಿಕ್ಕಿದ್ದು ಮುಂದಿನ ಕಾಲದ ಜೀವಶಾಸ್ತ್ರದಲ್ಲಿ. ಇವೆರಡೂ ಒಂದೇ ತತ್ತ್ವವಾಗಿ ಎಂದೂ ಬೆಸೆದುಕೊಳ್ಳಲಿಲ್ಲ ಎಂಬುದು ಈ ಲೇಖನದ ವಾದ.

ಇಂದ್ರಿಯವಾದದ ಫ್ರೆಂಚ್ ತತ್ತ್ವಜ್ಞಾನಿ ಕೊಂದಿಯಾಕ್ 1754ರಲ್ಲಿ ಪ್ರಕಟಿಸಿದ ಇಂದ್ರಿಯಾನುಭವ ಕುರಿತ ಗ್ರಂಥದಲ್ಲಿ ಒಂದು ಅಮೃತಶಿಲೆಯ ಪ್ರತಿಮೆಯನ್ನು ಕಲ್ಪಿಸಿಕೊಳ್ಳುತ್ತಾನೆ. ಅದಕ್ಕೆ ಮೊದಲು ವಾಸನೆಯ ಅರಿವು ಬರುತ್ತದೆ, ಆಮೇಲೆ ಉಳಿದ ಇಂದ್ರಿಯಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ನೆನಪು, ಹೋಲಿಕೆ, ತೀರ್ಮಾನ, ಬಯಕೆ ಎಲ್ಲವೂ ಈ ಸಂವೇದನೆಗಳಿಂದಲೇ ಹುಟ್ಟುತ್ತವೆ ಎಂಬುದು ಅವನ ಸಿದ್ಧಾಂತ. 1800ರಲ್ಲಿ ದಕ್ಷಿಣ ಫ್ರಾನ್ಸಿನ ಅವೆರೋನ್ ಸೀಮೆಯ ಕಾಡಿನಿಂದ ಮಾತು ಬಾರದ ಹುಡುಗನೊಬ್ಬ ಊರಿಗೆ ಬಂದಾಗ, ಈ ಸಿದ್ಧಾಂತಕ್ಕೆ ಜೀವಂತ ಪರೀಕ್ಷೆಯೊಂದು ಒದಗಿತು. ಪ್ಯಾರಿಸ್ಸಿನ ಕಿವುಡರ ಸಂಸ್ಥೆಯ ತರುಣ ವೈದ್ಯ ಇಟಾರ್ ಅವನಿಗೆ ವಿಕ್ಟರ್ ಎಂದು ಹೆಸರಿಟ್ಟು, ಬಿಸಿ–ತಣ್ಣಗಿನ ಸ್ಪರ್ಶದಿಂದ ತೊಡಗಿ ಅಕ್ಷರಗಳ ತನಕ ಇಂದ್ರಿಯಗಳಿಗೆ ಕ್ರಮವಾಗಿ ತರಬೇತಿ ಕೊಟ್ಟ. ವಿಕ್ಟರ್‌ಗೆ ಮಾತು ಬರಲಿಲ್ಲ. 1801ರ ವರದಿಯಲ್ಲಿದ್ದ ಭರವಸೆ 1806ರ ವರದಿಯ ವೇಳೆಗೆ ಕುಗ್ಗಿತ್ತು. ಆದರೂ ಮಗುವನ್ನು ದಿನದಿನವೂ ಗಮನಿಸಿ, ಬರೆದಿಟ್ಟು, ಪಾಠವನ್ನು ಅದಕ್ಕೆ ತಕ್ಕಂತೆ ಬದಲಿಸುವ ಕ್ರಮ ಶಿಕ್ಷಣಕ್ಕೆ ದಕ್ಕಿದ್ದು ಈ ಸೋಲಿನ ದಾಖಲೆಗಳಿಂದ. ಶಿಕ್ಷಣದ ಚರಿತ್ರೆಯಲ್ಲಿ ಇಷ್ಟು ಫಲ ಕೊಟ್ಟ ವಿಫಲ ಪ್ರಯೋಗ ಇನ್ನೊಂದಿಲ್ಲವೆಂದೇ ನನ್ನ ಭಾವನೆ.

ಇಟಾರ್‌ನ ಶಿಷ್ಯ ಸೆಗ್ಯಾಂ ಇದನ್ನು ಬುದ್ಧಿಮಾಂದ್ಯ ಮಕ್ಕಳ ಶಿಕ್ಷಣವಾಗಿ ಬೆಳೆಸಿ 1846ರಲ್ಲಿ ಗ್ರಂಥ ಬರೆದ. ಅವನು ಸೇಂಟ್ ಸೈಮನ್‌ನ ಸಮಾಜವಾದಿ ಚಿಂತನೆಗೆ ಒಲಿದವನು. ಸಮಾಜ ಕೈಬಿಟ್ಟ ಮಕ್ಕಳೂ ಕಲಿಯಬಲ್ಲರು ಎಂಬ ಅವನ ಹಟದ ಹಿಂದೆ ಆ ನೈತಿಕ ಒತ್ತಾಸೆಯಿತ್ತು. ಮಾಂಟೆಸ್ಸರಿ ಇಬ್ಬರ ಬರಹಗಳನ್ನೂ ಇಟಾಲಿಯನ್ನಿಗೆ ಅನುವಾದಿಸಿ ಕೈಯಾರೆ ನಕಲು ಮಾಡಿಕೊಂಡರು. ಇಂದಿಗೂ ಬಳಕೆಯಲ್ಲಿರುವ ಮೂರು ಹಂತದ ಪಾಠ ಸೆಗ್ಯಾಂನದು: ಮೊದಲು ‘ಇದು ಕೆಂಪು’ ಎಂದು ತೋರಿಸುವುದು, ಬಳಿಕ ‘ಕೆಂಪು ಯಾವುದು, ಕೊಡು’ ಎನ್ನುವುದು, ಕೊನೆಗೆ ‘ಇದೇನು?’ ಎಂದು ಕೇಳುವುದು. ತಾವು ಕಲಿಸುತ್ತಿದ್ದ, ಬುದ್ಧಿಮಾಂದ್ಯರೆನಿಸಿಕೊಂಡ ಮಕ್ಕಳು ಸಾಮಾನ್ಯ ಮಕ್ಕಳ ಪರೀಕ್ಷೆಯಲ್ಲಿ ತೇರ್ಗಡೆಯಾದಾಗ, ಆಕೆ ಕೇಳಿದ ಪ್ರಶ್ನೆ ಸಾಮಾನ್ಯ ಶಾಲೆಗಳನ್ನು ಕುರಿತಾಗಿತ್ತು. ಆರೋಗ್ಯವಂತ ಮಕ್ಕಳನ್ನು ಅಲ್ಲಿ ಅಷ್ಟು ಕೆಳಮಟ್ಟದಲ್ಲಿ ಹಿಡಿದಿಟ್ಟಿರುವುದು ಯಾವುದು?

ಉತ್ತರ ಹುಡುಕಲು ಅವಕಾಶ ಸಿಕ್ಕಿದ್ದು ರೋಮ್‌ನ ಬಡವರ ಬಡಾವಣೆ ಸ್ಯಾನ್ ಲೊರೆಂಝೋದಲ್ಲಿ, 1907ರ ಜನವರಿ 6ರಂದು ತೆರೆದ ‘ಮಕ್ಕಳ ಮನೆ’ಯಲ್ಲಿ. ಮೂರು ವರ್ಷದ ಹುಡುಗಿಯೊಬ್ಬಳು ಮರದ ಸಿಲಿಂಡರ್‌ಗಳನ್ನು ಅವುಗಳ ಕುಳಿಗಳಿಗೆ ಕೂರಿಸಿ, ತೆಗೆದು, ಮತ್ತೆ ಕೂರಿಸುತ್ತಿದ್ದಳು. ಸುತ್ತಲಿನ ಮಕ್ಕಳು ಹಾಡಿದರು. ಮಾಂಟೆಸ್ಸರಿ ಅವಳು ಕೂತಿದ್ದ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರು. ಅವಳು ನಿಲ್ಲಿಸಲಿಲ್ಲ, ನಲವತ್ತಕ್ಕೂ ಹೆಚ್ಚು ಬಾರಿ ಅದನ್ನೇ ಮಾಡಿದಳು. ಕೊಂದಿಯಾಕ್‌ನ ತತ್ತ್ವ ಇದನ್ನು ವಿವರಿಸಲಾರದು. ಅವನ ಪ್ರತಿಮೆ ಹೊರಗಿನಿಂದ ಬಂದದ್ದನ್ನು ಪಡೆಯುತ್ತದೆ. ಯಾರೂ ಹೇಳದೆ, ಯಾವ ಬಹುಮಾನವೂ ಇಲ್ಲದೆ ತನಗೆ ಬೇಕಾದುದನ್ನು ಆರಿಸಿಕೊಂಡು ಅದರಲ್ಲಿ ಮುಳುಗುವುದಿಲ್ಲ.

ಈ ಕೊರತೆಯನ್ನು ತುಂಬಲು ಮಾಂಟೆಸ್ಸರಿ ಜೀವಶಾಸ್ತ್ರದ ಕಡೆಗೆ ಹೊರಳಿದರು. ಡಚ್ ವಿಜ್ಞಾನಿ ಹ್ಯೂಗೋ ಡಿ ವ್ರೀಸ್ ಗಮನಿಸಿದ ಒಂದು ಜಾತಿಯ ಕಂಬಳಿಹುಳು ಮೊಟ್ಟೆಯೊಡೆದ ಹೊಸತರಲ್ಲಿ ಬೆಳಕಿನತ್ತ ಸಾಗುತ್ತದೆ. ಹಾಗಾಗಿ ಕೊಂಬೆಯ ತುದಿಯ ಎಳೆಚಿಗುರು ಅದಕ್ಕೆ ಸಿಗುತ್ತದೆ. ಬಲಿತ ಎಲೆ ತಿನ್ನುವ ಶಕ್ತಿ ಬಂದೊಡನೆ ಬೆಳಕಿನ ಸೆಳೆತ ಹೋಗುತ್ತದೆ. ಮಗುವಿನಲ್ಲೂ ಭಾಷೆಗೆ, ಅಚ್ಚುಕಟ್ಟಿಗೆ, ಸೂಕ್ಷ್ಮ ಸ್ಪರ್ಶಕ್ಕೆ ಇಂಥ ತಾತ್ಕಾಲಿಕ ಸಂವೇದನಾಶೀಲ ಕಾಲಗಳಿವೆ ಎಂದು ಆಕೆ ಪ್ರತಿಪಾದಿಸಿದರು. ಮುಂದೆ ಇಂಗ್ಲೆಂಡಿನ ಪರ್ಸಿ ನನ್ ಅವರಿಂದ ಜೀವಿಯೊಳಗಿನ ಪ್ರೇರಕಶಕ್ತಿಯ ಕಲ್ಪನೆ ‘ಹಾರ್ಮೆ’ಯನ್ನೂ, ಜರ್ಮನಿಯ ರಿಚರ್ಡ್ ಸೆಮೊನ್ ಮಂಡಿಸಿದ್ದ ‘ನೀಮೆ’ ಎಂಬ ಅಪ್ರಜ್ಞಾಪೂರ್ವಕ ಸ್ಮೃತಿಯನ್ನೂ ತೆಗೆದುಕೊಂಡರು.

ಈ ಎರಡನೆಯ ಧಾರೆ ಪಕ್ವವಾದದ್ದು ಬಹುಮಟ್ಟಿಗೆ ನಮ್ಮ ನೆರೆಯಲ್ಲೇ. ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇಲೆ 1939ರ ನವೆಂಬರ್‌ನಲ್ಲಿ ಆಕೆ ಮದ್ರಾಸಿನ ಅಡ್ಯಾರ್‌ಗೆ ಬಂದರು. ಇಟಲಿ ಯುದ್ಧಕ್ಕಿಳಿದದ್ದರಿಂದ ಹಿಂದಿರುಗಲಾಗದೆ 1946ರವರೆಗೆ ಭಾರತದಲ್ಲೇ ಉಳಿದರು. ಕೊಡೈಕನಾಲಿನಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳೊಡನೆ ಕೆಲಸ ಮಾಡುತ್ತ ವಿಶ್ವಶಿಕ್ಷಣದ ಪರಿಕಲ್ಪನೆಯನ್ನು ವಿಸ್ತರಿಸಿದರು. ‘ದಿ ಅಬ್ಸಾರ್ಬೆಂಟ್ ಮೈಂಡ್’ 1949ರಲ್ಲಿ ಅಡ್ಯಾರ್‌ನಿಂದಲೇ ಹೊರಬಂತು. ಅದರಲ್ಲಿ ಮಗು ಅನುಭವವನ್ನು ಹೀರಿಕೊಂಡು ಅದರಿಂದ ತನ್ನನ್ನೇ ಕಟ್ಟಿಕೊಳ್ಳುವ ಜೀವಿ.

ಹಾಗಿದ್ದೂ ಸಾಧನಗಳು ಹಳೆಯವೇ ಉಳಿದವು. ಒಂದರಿಂದ ಹತ್ತು ಸೆಂಟಿಮೀಟರ್‌ವರೆಗಿನ ಗುಲಾಬಿ ಬಣ್ಣದ ಹತ್ತು ಘನಗಳು ಗಾತ್ರದ ಅರಿವಿಗಾಗಿ ಮಾತ್ರ ಇವೆ. ಇಂದ್ರಿಯವಾದದ ನಿಯಮದಂತೆ ಒಂದು ಗುಣವನ್ನು ಉಳಿದವುಗಳಿಂದ ಬೇರ್ಪಡಿಸಿ ತೋರಿಸುತ್ತವೆ. ಅಮೆರಿಕದ ವಿಲಿಯಂ ಕಿಲ್‌ಪ್ಯಾಟ್ರಿಕ್ 1914ರಲ್ಲಿ ಇದನ್ನೇ ಹಿಡಿದು, ಇದು ಹಳತಾದ ಮನಶ್ಶಾಸ್ತ್ರವೆಂದು ಟೀಕಿಸಿದರು. ಟೀಕೆ ಕಟುವಾದರೂ ಸಾಧನಗಳ ಮಟ್ಟಿಗೆ ನ್ಯಾಯವಾದದ್ದು. ಅದು ಮುಟ್ಟದೆ ಬಿಟ್ಟದ್ದು ಆ ಸಾಧನದ ಮುಂದೆ ಕೂತ ಮಗುವಿನ ಏಕಾಗ್ರತೆಯನ್ನು. ಆ ಘನಗಳಿಂದ ಮಗುವೊಂದು ರೈಲು ಕಟ್ಟಿ ಆಡತೊಡಗಿದರೆ ಶಿಕ್ಷಕಿ ಏನು ಮಾಡಬೇಕು? ಸಾಧನದ ತತ್ತ್ವದ ಪ್ರಕಾರ ಅದು ದುರ್ಬಳಕೆ, ತಡೆಯಬೇಕು. ಮಾಂಟೆಸ್ಸರಿಯವರೂ ಹಾಗೆಯೇ ಹೇಳಿದರು. ಒಳಪ್ರೇರಣೆಯ ತತ್ತ್ವದ ಪ್ರಕಾರ, ಆ ರೈಲೇ ಮಗುವಿನ ಆಯ್ಕೆ. ತರಗತಿಯಲ್ಲಿ ಪ್ರತಿದಿನ ಎದುರಾಗುವ ಈ ಇಕ್ಕಟ್ಟು ಶಿಕ್ಷಕಿಯ ಅನುಭವದ ಕೊರತೆಯಿಂದ ಬಂದದ್ದಲ್ಲ. ಅದು ಪದ್ಧತಿಯ ಎರಡು ಮೂಲಗಳ ನಡುವಿನದು.